ಎದುರಿನ ಫ್ಲ್ಯಾಟಿಗೆ ನಾನು ಹೂಂ ಅನ್ನಲಿಲ್ಲ

ಜೈತುನ್ ನನ್ನ ಎದುರಿನ ಫ್ಲ್ಯಾಟಿಗೆ ಬರದ ಹಾಗೆ ಮಾಡಿದವಳು ನಾನು. ಬಿಲ್ಡರ್ ಅಲ್ಲ, ಮೇಲಿನ ಮಜಲಿನವರಲ್ಲ, ಮಾರ್ಕೆಟ್ಟೂ ಅಲ್ಲ — ನಾನು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಅಂದಿರಲಿಲ್ಲ. ನನ್ನ ಮುಂದೆ ನಾನೇ ಅಂದುಕೊಂಡಿದ್ದಿಲ್ಲ. ಅಂದುಕೊಳ್ಳಲು ಹೋದಾಗೆಲ್ಲ ನಡುವೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು — ಹಾಲು ಕಾಸಬೇಕು, ಮೋಟಾರು ಬಂದ್ ಮಾಡಬೇಕು, ದೇವರ ಮುಂದೆ ದೀಪ ಹಚ್ಚಬೇಕು...

ನಾನು ಮುದ್ದೇಬಿಹಾಳದಲ್ಲಿ ಒಬ್ಬಳೇ ಇರುವ ನಿವೃತ್ತ ಶಿಕ್ಷಕಿ. ಹೆಸರು ಸುಧಾ, ಊರವರ ಬಾಯಲ್ಲಿ ಅಕ್ಕೋರು. ಈ ಊರಲ್ಲಿ ಮೊದಮೊದಲು ಫ್ಲ್ಯಾಟ್ ಕೊಂಡವರಲ್ಲಿ ನಾನೂ ಒಬ್ಬಳಾದ್ದರಿಂದ ಮನೆ ಕೊಳ್ಳುವವರು, ಮಾರುವವರು ನನ್ನನ್ನು ಹಾದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಈಗ ತಗೊಳ್ಳೂದು ಛಲೋನೋ, ತಡೀಬೇಕೋ? ಪ್ಲಾಟ್ ಹಿಡಿಯೂದೋ, ಫ್ಲ್ಯಾಟ್ ಹಿಡಿಯೂದೋ? ನಾನೂ ದೊಡ್ಡ ಶಾಣೇಳ ಹಾಗೆ ಹೇಳುತ್ತೇನೆ. ನೀರು ಸವಳೋ ಸಿಹಿಯೋ ನೋಡ್ರಿ, ಕರೆಂಟ್ ಹೋದರ ಲಿಫ್ಟಿಗೆ ಜನರೇಟರ್ ಅದನೋ ಇಲ್ಲೋ ಕೇಳ್ರಿ, ಮಾಳಗಿ ಕೀಲಿ ಯಾರ ಕೈಯಾಗ ಇರ್ತದ ಅದನ್ನೂ ಕೇಳ್ರಿ, ಇಲ್ಲಾಂದ್ರ ಶಾಂಡಿಗಿ ಒಣಗ್ಸಲಿಕ್ಕೂ ಇನ್ನೊಬ್ಬರ ಮನಿ ಬಾಗಿಲಿಗೆ ಹೋಗಿ ನಿಲ್ಲಬೇಕಾಗ್ತದ. ಮಂದಿ ತಲೆ ಅಲ್ಲಾಡಿಸಿ ಹೋಗುತ್ತಾರೆ. ಯಾರೂ ನನ್ನನ್ನು, ಅಕ್ಕೋರ, ನೀವು ಏನ ಕೊಟ್ಟು ಏನ ತಗೊಂಡ್ರಿ ಅಂತ ಕೇಳುವುದಿಲ್ಲ. ಅದನ್ನೇ ಹೇಳಬೇಕಾಗಿದೆ.

ನಮ್ಮ ಕಡೆ ಮನೆ ಎಂದರೆ ಪ್ಲಾಟು ಹಿಡಿದು ಕಟ್ಟಿಸಿದ್ದು. ಇಂಡಿ ಇರಲಿ, ಸಿಂದಗಿ ಇರಲಿ, ಬಸವನ ಬಾಗೇವಾಡಿ ಇರಲಿ, ಊರ ಹೊರಗಿನ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಕಮಾನು ನಿಲ್ಲಿಸಿ ಮಾರುವುದೇ ವ್ಯಾಪಾರ. ಫ್ಲ್ಯಾಟ್ ಅಂದರೆ ಆಗ ನಗುತ್ತಿದ್ದರು. ಕಿರಾಣಿ ಅಂಗಡಿಯವನು ನನಗೆ ಮುಖದ ಮೇಲೇ ಅಂದಿದ್ದ: "ಕೆಳಗ ನೆಲ ನಿಮ್ಮದಲ್ಲ, ಮ್ಯಾಲ ಮಾಳಗಿ ನಿಮ್ಮದಲ್ಲ. ನಡುವಿನ ಗಾಳಿ ತಗೊಂಡ್ರೇನ್ರಿ ಅಕ್ಕೋರ?" ಈಗ ನೋಡಿದರೆ ತಾಂಬಾದ ಲಿಂಬಿ ತೋಟದವರೂ ಮಕ್ಕಳ ಸಾಲಿಗಂತ ಇಂಡಿಯಲ್ಲಿ ಫ್ಲ್ಯಾಟ್ ಹುಡುಕುತ್ತಾರೆ, ಬಾಗೇವಾಡಿಗೆ ವರ್ಗವಾಗಿ ಬಂದ ನೌಕರದಾರರು ಮೊದಲು ಅದನ್ನೇ ಬಾಡಿಗೆಗೆ ಕೇಳುತ್ತಾರೆ. ಕಾಲ ತಿರುಗಿತು. ಆದರೆ ನಾವು ಕೊಳ್ಳಲು ಹೊರಟಾಗ ಹಾಗಿರಲಿಲ್ಲ.

ನಾವು ಎಂದೆ. ಹೌದು, ನಾವು — ನಾನು ಮತ್ತು ಜೈತುನ್.

ತಾಳಿಕೋಟೆ ರಸ್ತೆಯ ಒಂದು ಹಳ್ಳಿಯ ಸಾಲಿಯಲ್ಲಿ ನಾವಿಬ್ಬರೂ ಕಲಿಸುತ್ತಿದ್ದೆವು. ಅವಳು ಗಣಿತ, ನಾನು ಕನ್ನಡ. ದಿನಾ ಮುದ್ದೇಬಿಹಾಳದಿಂದ ಒಂದೇ ಬಸ್ಸು, ಒಂದೇ ಸೀಟು. ಅವಳ ಮನೆತನ ಮುದ್ದೇಬಿಹಾಳದಲ್ಲಿ ಎಷ್ಟು ತಲೆಮಾರಿನದೆಂದು ಅವರಿಗೇ ಗೊತ್ತಿರಲಿಲ್ಲ. ಅವಳ ಅಜ್ಜನ ಬಟ್ಟೆ ಅಂಗಡಿಯಲ್ಲೇ ನಮ್ಮ ಅತ್ತೆಯ ಮದುವೆಯ ಜವಳಿ ಆಗಿತ್ತಂತೆ. ನಾನು ಹೊರಗಿನಿಂದ ಬಂದ ಸೊಸೆ, ಮನೆಯಲ್ಲಿ ಮರಾಠಿ ಬೆರೆಸಿ ಮಾತಾಡುವ ವೈಷ್ಣವರ ಪೈಕಿ. ಮಾತಿನಲ್ಲಿ ನಾನು ಎಡವಿದಾಗ ಅವಳು ಕಾಡುವಳು: "ಏ ಕನ್ನಡ ಅಕ್ಕೋರ, ಮೊದಲ ನೀವ್ ಕನ್ನಡ ಕಲೀರಿ!" ಅವಳ ಗಂಡ ತೀರಿಕೊಂಡಾಗ ನಾನು ಅವಳ ಹತ್ತಿರ ಇದ್ದೆ. ನನ್ನವರು ತೀರಿಕೊಂಡಾಗ ಅವಳು ನನ್ನ ಹತ್ತಿರ ಇದ್ದಳು. ಇಬ್ಬರಿಗೂ ಮಕ್ಕಳಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ಅಳು ಬರುತ್ತದೆ, ಅತ್ತು ಕರೆದು ನಿಮ್ಮಿಂದ ಕನಿಕರ ಗಿಟ್ಟಿಸುವುದು ನನಗೆ ಬೇಡ.

ಫ್ಲ್ಯಾಟಿನ ಉಪಾಯ ಅವಳದೇ. ನಿವೃತ್ತಿ ಹತ್ತಿರ ಬಂದಾಗ ನಾನು ಪ್ಲಾಟು ನೋಡುತ್ತಿದ್ದೆ. ಅವಳು ಬೈದಳು. "ಹುಚ್ಚೀ, ಈ ವಯಸ್ಸಿನ್ಯಾಗ ಮನಿ ಕಟ್ಟೂ ಗೌಂಡಿ ಹಿಂದ ಓಡ್ತೀಯೇನ? ಹಾವು ಬಂದ್ರ ಯಾರ ಹೊಡಿಯವ್ರು? ಇಬ್ರೂ ಫ್ಲ್ಯಾಟ್ ತಗೊಳ್ಳೋಣು. ಎರಡು ಬಾಗಲ ಎದುರಾ-ಬದುರಾ. ಮುಂಜಾನಿ ಚಾ ನಿನ್ನ ಕಡೆ, ಸಂಜಿ ಚಾ ನನ್ನ ಕಡೆ. ನಿನ್ನ ಮಡಿ ನಿನಗ, ನನ್ನ ನಮಾಜ ನನಗ. ಒಬ್ಬಾಕಿ ಬಿದ್ರ ಇನ್ನೊಬ್ಬಾಕಿಗೆ ಗೊತ್ತಾದ್ರ ಸಾಕು." ಬಸ್ಸಿನಲ್ಲಿ ಅವಳು ಇದನ್ನು ಹೇಳಿ ನಕ್ಕಳು. ನನಗೆ ಅವತ್ತು ಎಷ್ಟು ಧೈರ್ಯ ಬಂತೆಂದರೆ — ಗಂಡನಿಲ್ಲದ ಮೇಲೆ ಮೊದಲ ಸಲ ಮುಂದಿನ ದಿನಗಳ ಬಗ್ಗೆ ಹೆದರಿಕೆಯಾಗಲಿಲ್ಲ.

ಈರಣ್ಣ ಸಾಹುಕಾರರು ಆಗ ಕಟ್ಟಿಸುತ್ತಿದ್ದ ಕಟ್ಟಡವನ್ನು ಮೊದಲು ಹೋಗಿ ನೋಡಿ ಬಂದವಳೂ ಅವಳೇ. ಎರಡನೇ ಮಜಲಿನಲ್ಲಿ ಎರಡೇ ಫ್ಲ್ಯಾಟು, ನಡುವೆ ಲಿಫ್ಟು. ಪೂರ್ವದ ಬಾಗಿಲಿನದು ನನಗೆ ಬಿಟ್ಟುಕೊಟ್ಟಳು, "ನಿಮ್ಮ ಮಂದಿಗೆ ದಿಕ್ಕು-ದೆಸಿ ಭಾಳ" ಅಂತ. ನಾನು ಅವಳಿಗಿಂತ ಮೊದಲು ನಿವೃತ್ತಳಾದ್ದರಿಂದ ಮೊದಲು ಮುಂಗಡದ ಇಸಾರ ಕೊಟ್ಟವಳು ನಾನು. ಅವಳದು ಇನ್ನೂ ಕೆಲವು ತಿಂಗಳಿತ್ತು. ಎದುರಿನದನ್ನು ತನಗೆ ಹಿಡಿದಿಡಿ ಎಂದು ಸಾಹುಕಾರರಿಗೆ ಬಾಯಿಮಾತಿನಲ್ಲಿ ಹೇಳಿದ್ದಳು. ನಮ್ಮ ಕಡೆ ಇಸಾರ ಆಗದೆ ಯಾವುದೂ ಗಟ್ಟಿಯಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಎದುರಿನವಳು ನಾನಿದ್ದೆನಲ್ಲ... ಅವಳು ನಿಶ್ಚಿಂತಳಾಗಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೊಲ ಮಾರುವವರು ಮೊದಲು ಬಾಜೂ ಹೊಲದವನನ್ನು ಕೇಳುತ್ತಾರೆ. ನಾಳೆ ಒಂದೇ ಬದುವಿನ ಮೇಲೆ ಓಡಾಡುವವರು, ನೀರು ಹಾಯಿಸುವಾಗ ಮುಖ ನೋಡಬೇಕಾದವರು. ಕೇಳದೆ ಮಾರಿದರೆ ಜನ್ಮದ ಹಗೆ. ಈರಣ್ಣ ಸಾಹುಕಾರರು ಮೂಲದಲ್ಲಿ ಹೊಲಮನೆಯವರು. ಹೊಲದ ಆ ರಿವಾಜನ್ನು ಹಾಗೇ ಎತ್ತಿ ತಂದು ಲಿಫ್ಟಿನ ಕಟ್ಟಡದೊಳಗೆ ಇಟ್ಟರು. ಒಂದು ಫ್ಲ್ಯಾಟ್ ಕೊಡುವ ಮೊದಲು ಎದುರಿನವರನ್ನು ಒಂದು ಮಾತು ಕೇಳುವುದು. ಅವರ ಲೆಕ್ಕದಲ್ಲಿ ಅದು ಮರ್ಯಾದೆ. ಹೊಲದಲ್ಲಿ ಅದು ಮರ್ಯಾದೆಯೇ ಇದ್ದೀತು. ಕಟ್ಟಡದೊಳಗೆ ಅದು ಏನಾಗುತ್ತದೆಂದು ಅವರಿಗೂ ಹೊಳೆದಿರಲಿಕ್ಕಿಲ್ಲ. ನನಗೆ ಹೊಳೆಯಬೇಕಿತ್ತು.

ಒಂದು ಮುಂಜಾನೆ ನಾನು ನನ್ನ ಫ್ಲ್ಯಾಟಿನ ಅಡಿಗೆಮನೆಯ ಕಟ್ಟೆ ಎತ್ತರ ಸರಿಯಾಗಿದೆಯೋ ಇಲ್ಲವೋ ನೋಡಲು ಹೋಗಿದ್ದೆ. ನೆಲದ ಫರ್ಸಿಗೆ ಪಾಲಿಶ್ ನಡೆದಿತ್ತು, ಮಾತು ಕೇಳಿಸದಷ್ಟು ಗದ್ದಲ. ಸಾಹುಕಾರರು ಮಷೀನು ನಿಲ್ಲಿಸಲು ಹೇಳಿ, ನನ್ನನ್ನು ಬಾಲ್ಕನಿಗೆ ಕರೆದರು.

"ಅಕ್ಕೋರ, ಎದುರಿಂದು ಆ ಗಣಿತದ ಅಕ್ಕೋರು ಕೇಳಾಕತ್ತಾರ. ಮ್ಯಾಲಿನ ಮಜಲಿಗೆ ಬರೂ ಗಿರಾಕಿಗಳು ಇಬ್ರು ಯಾರಿಗೆ ಕೊಡ್ತೀರಿ, ಯಾರಿಗೆ ಕೊಡ್ತೀರಿ ಅಂತ ತಲಿ ತಿನ್ನಾಕತ್ತಾರ. ನನಗೇನಿಲ್ರಿ, ನಾ ಮಾರಾಂವ. ಎದುರಿನವರು ನೀವು. ನೀವ್ ಹೂಂ ಅಂದ್ರ ಮುಗೀತು, ಉಳದಾವ್ರ ಬಾಯಿ ನಾ ಮುಚ್ಚಸ್ತೇನಿ."

ನೋಡ್ರಿ, ಇಷ್ಟು ಸರಳ ಇತ್ತು. ಹೂಂ. ಉಸಿರು ಬಿಟ್ಟರೂ ಆ ಸಪ್ಪಳವೇ ಬರುತ್ತದೆ.

ನಾನು ಬಾಲ್ಕನಿಯಿಂದ ಕೆಳಗೆ ನೋಡಿದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನು ಓಡಿತೆಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಹಿಂದಿನ ವಾರ ವಿಜಯಪುರದ ನನ್ನ ಅಣ್ಣ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಸುಧೀ, ಮನಿ ತಗೊಳ್ಳೂ ಮುಂದ ನಾಳೆ ಮಾರೂದನ್ನೂ ವಿಚಾರ ಮಾಡಬೇಕು, ಕಟ್ಟಡದೊಳಗ ಯಾರ್ಯಾರು ಇರ್ತಾರ ಅನ್ನೂದರ ಮ್ಯಾಲೆ ರೇಟು ಇರ್ತದ — ಹೀಗೆ. ಮೇಲಿನವರು ಬರದೇ ಹೋದರೆ? ಕಟ್ಟಡ ಅರ್ಧಕ್ಕೆ ನಿಂತರೆ? ನನ್ನ ಮಂದಿ ಬಂದರೆ ಎದುರು ಬಾಗಿಲು ನೋಡಿ ಏನಂದಾರು? ಜೈತುನಳ ಮುಖ ಕೂಡ ನೆನಪಾಯಿತು. ಅದು ಬಂದದ್ದು ಎಲ್ಲಕ್ಕಿಂತ ಹಿಂದಿನಿಂದ, ರೇಟಿನ ನಂತರ. ಆ ಸಾಲನ್ನು ಬದಲಿಸಿ ಬರೆಯಬೇಕೆಂದು ಈಗಲೂ ಕೈ ಎಳೆಯುತ್ತದೆ. ಬದಲಿಸುವುದಿಲ್ಲ.

ನಾನಂದೆ: "ನನ್ನ ಯಾಕ ಕೇಳ್ತೀರಿ ಸಾಹುಕಾರ್ರ. ಎಲ್ಲಾರಿಗೂ ಸರಿ ಬರೂಹಂಗ ನೋಡ್ರಿ."

ಅವರು ನನ್ನ ಮುಖ ನೋಡಿದರು. ವ್ಯಾಪಾರ ಮಾಡಿ ಮಾಡಿ ಪಳಗಿದ ಮನುಷ್ಯ. "ತಿಳೀತು ತಗೋರಿ" ಅಂದರು. ಅವರಿಗೆ ಏನು ತಿಳಿಯಿತೆಂದು ನನಗೆ ತಿಳಿಯಿತು. ಅಲ್ಲ ಅಲ್ಲ, ನಾ ಹಂಗ ಅಂದಿಲ್ಲ ಅನ್ನಲು ಹೊತ್ತಿತ್ತು. ಅವರು ಮೆಟ್ಟಿಲ ತನಕ ಹೋಗುವವರೆಗೂ ಹೊತ್ತಿತ್ತು. ನಾನು ಅಡಿಗೆಮನೆಗೆ ಹೋಗಿ ಕಟ್ಟೆಯ ಮೇಲೆ ಕೈ ಆಡಿಸುತ್ತ ನಿಂತೆ.

ನಾ ಬ್ಯಾಡ ಅಂದಿಲ್ಲ. ಈ ಮೂರು ಶಬ್ದಗಳ ಮೇಲೆ ನಾನು ಇಷ್ಟು ವರ್ಷ ಬಾಳ್ವೆ ಮಾಡಿದೆ. ನಾ ಬ್ಯಾಡ ಅಂದಿಲ್ಲ, ಅವರೇ ತಿಳಕೊಂಡರು. ನಾ ಬ್ಯಾಡ ಅಂದಿಲ್ಲ, ಮ್ಯಾಲಿನವರು ಒತ್ತಾಯ ಮಾಡಿದರು. ಥೂ! ಸಾಲಿಯಲ್ಲಿ ಹುಡುಗರು ಹೀಗೆ ಜಾರಿಕೊಂಡರೆ ಕಿವಿ ಹಿಂಡುತ್ತಿದ್ದೆ. ಬ್ಯಾಡ ಅಂತ ಬಾಯಿಬಿಟ್ಟು ಅಂದಿದ್ದರೆ ನಾನು ಕೆಟ್ಟವಳೆಂದು ನನಗಾದರೂ ಗೊತ್ತಿರುತ್ತಿತ್ತು. ಒಳ್ಳೆಯವಳಾಗಿಯೇ ಉಳಿದು ಈ ಕೆಲಸ ಮಾಡಿಸಿಕೊಂಡೆ. ಮತ ನೋಡಿದೆ, ಮತ ಎಂಬ ಮಾತನ್ನು ಬಾಯಿಗೆ ತರದೆ, ರೇಟು ಎಂಬ ಮಾತಿನಲ್ಲಿ ಸುತ್ತಿ ನೋಡಿದೆ. ಅದಕ್ಕೇ ನನಗೆ ಹೆಚ್ಚು ಹೇಸಿಗೆ.

ಆಮೇಲೆ ನಡೆದದ್ದು ಬೇಗ ನಡೆಯಿತು. ಎದುರಿನದು ತಾಳಿಕೋಟೆಯ ಒಬ್ಬ ಬೇಳೆ ವ್ಯಾಪಾರಿಗೆ ಹೋಯಿತು. ಜೈತುನ್ ನಿವೃತ್ತಿಯಾಗಿ, ಸೀರೆಯ ಸೆರಗು ಸರಿಮಾಡಿಕೊಂಡು, ಇಸಾರ ಕೊಡಲೆಂದು ಸಾಹುಕಾರರ ಆಫೀಸಿಗೆ ಹೋದಾಗ ಅವರು, ಮೊದಲೇ ಇಸಾರ ಆಗಿಬಿಟ್ಟೈತ್ರಿ ಅಂದರಂತೆ. ಅಲ್ಲಿಂದ ಅವಳು ನೆಟ್ಟಗೆ ನನ್ನ ಬಾಡಿಗೆ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು.

"ಸುಧಾ, ನಿನಗ ಗೊತ್ತಿತ್ತೇನ?"

"ಇಲ್ಲ. ನನಗೂ ಈಗ ತಿಳೀತು."

ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕೆ ಮೌನ ಎಂಬ ಹೆಸರು ಕೊಡಬಹುದಿತ್ತೇನೋ, ಇದು ಶುದ್ಧ ಸುಳ್ಳು. ಹೇಳಿದ ಕೂಡಲೇ ನನಗೆ ಅಳು ಉಕ್ಕಿ ಬಂತು. ಅವಳು ನಾನು ಅವಳಿಗಾಗಿ ಅಳುತ್ತೇನೆಂದು ತಿಳಿದು ಒಳಗೆ ಬಂದು ನನ್ನ ಬೆನ್ನು ಸವರಿದಳು. "ಏ, ನೀ ಯಾಕ ಅಳ್ತೀ ಹುಚ್ಚೀ, ನನ್ನ ನಸೀಬಕ್ಕ ನೀ ಏನ ಮಾಡ್ತೀ? ಬ್ಯಾರೇದು ನೋಡೋಣು ತಗೋ." ಅವಳು ನನ್ನನ್ನು ಸಮಾಧಾನ ಮಾಡಿದಳು, ನಾನು ಮಾಡಿಸಿಕೊಂಡೆ. ನೀರು ತಂದುಕೊಟ್ಟಳು, ಕುಡಿದೆ.

ಬೇರೆಯದು ಸಿಗಲಿಲ್ಲ. ಒಂದು ಕಡೆ ಫ್ಲ್ಯಾಟ್ ಇದೆ ಎನ್ನುವರು, ಹೆಸರು ಕೇಳಿದ ಮೇಲೆ ಮನೆಯಲ್ಲಿ ವಿಚಾರಿಸಿ ಹೇಳುತ್ತೇವೆ ಎನ್ನುವರು. ಮಾರುವವರ ಮನೆಯಲ್ಲಿ ಅಷ್ಟೊಂದು ವಿಚಾರ ಯಾಕೆ ನಡೆಯುತ್ತದೆಂದು ಅವಳು ತಮಾಷೆ ಮಾಡುವಳು: "ಲಗ್ನಕ್ಕ ಹೆಣ್ಣ ಕೇಳಾಕ ಹೋದಂಗಾಗೇತಿ ನೋಡು." ನಾನು ನಗುತ್ತಿದ್ದೆ. ಕೆಲವು ವರ್ಷ ಬಾಡಿಗೆಯ ಮನೆಗಳಲ್ಲಿ ಇದ್ದಳು. ಮೊಣಕಾಲು ನೋವು ಬಲಿಯಿತು. ಕಡೆಗೆ ಸಿಂದಗಿಯಲ್ಲಿ ಟೈಲ್ಸ್ ಅಂಗಡಿ ಇಟ್ಟ ತಮ್ಮ ಬಂದು ಕರೆದುಕೊಂಡು ಹೋದ. ಅಲ್ಲಿ ಮೇಲಿನ ಕೋಣೆ ಇವಳದು. ತಮ್ಮ ಒಳ್ಳೆಯವನು, ಅವನ ಹೆಂಡತಿಯೂ ಒಳ್ಳೆಯವಳು, ಆದರೂ ಇನ್ನೊಬ್ಬರ ಸಂಸಾರದಲ್ಲಿ ಗ್ಯಾಸಿನ ಒಲೆಯ ಹತ್ತಿರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನೋಡಿಕೊಂಡು ಇರಬೇಕಾಗುತ್ತದೆ. ಇದನ್ನು ಅವಳು ಹೇಳಿದ್ದಲ್ಲ. ಫೋನಿನಲ್ಲಿ ಚಹಾ ಕುಡಿದೆಯಾ ಅಂತ ಕೇಳಿದರೆ "ಈಗ ಬ್ಯಾಡ, ಕೆಳಗ ಗದ್ಲ ಐತಿ" ಅನ್ನುತ್ತಾಳೆ. ಸಂಜೆ ಕಳೆದ ಮೇಲೂ ಹಾಗೇ ಅನ್ನುತ್ತಾಳೆ.

ಇನ್ನು ನನ್ನ ಫ್ಲ್ಯಾಟು. ಅದರ ರೇಟು ಕೇಳಬೇಕಲ್ಲ ನೀವು.

ತಾಳಿಕೋಟೆಯ ವ್ಯಾಪಾರಿ ಒಂದು ದಿನವೂ ಇಲ್ಲಿ ಇರಲಿಲ್ಲ. ರೇಟು ಏರಿದ ಮೇಲೆ ಮಾರಿದರಾಯಿತೆಂದು ಹಿಡಿದಿಟ್ಟಿದ್ದು. ಮೇಲಿನ ಮಜಲಿನ ಆ ಇಬ್ಬರದೂ ಅದೇ ಹಿಕಮತ್ತು — ಕೆಳಗೆ ಯಾರು ಬರುತ್ತಾರೆಂದು ಅಷ್ಟು ತಲೆ ತಿಂದವರು ಸ್ವತಃ ಬರಲೇ ಇಲ್ಲ, ಇಸ್ತ್ರಿ ಮುರಿಯದ ಬಟ್ಟೆಯ ಹಾಗೆ ಫ್ಲ್ಯಾಟನ್ನು ಹೊಸದಾಗಿಯೇ ಇಟ್ಟುಕೊಂಡರು. ಆಮೇಲೆ ಬೈಪಾಸ್ ಕಡೆ ಲೇಔಟ್ ಮೇಲೆ ಲೇಔಟ್ ಬಂದವು. ಹೊಸ ಕಟ್ಟಡಗಳೂ ಎದ್ದವು. ಹೊಸದು ಸಿಗುವಾಗ ಹಳೆಯದನ್ನು ಯಾರು ಕೇಳುತ್ತಾರೆ? ಮೂರು ಮಜಲಿನ ಕಟ್ಟಡದಲ್ಲಿ ಸಂಜೆ ದೀಪ ಹತ್ತುವುದು ನನ್ನದು, ನೆಲಮಜಲಿನ ಬ್ಯಾಂಕಿನವರದು, ಅಷ್ಟೇ. ಯಾವ ರೇಟಿಗಾಗಿ ನಾನು ಬಾಯಿ ಮುಚ್ಚಿಕೊಂಡೆನೋ ಆ ರೇಟು ತನ್ನಷ್ಟಕ್ಕೆ ತಾನೇ ಬಿತ್ತು. ಏರಿದ್ದರೂ ನಾನು ಮಾರಿ ಎಲ್ಲಿಗೆ ಹೋಗುತ್ತಿದ್ದೆ? ಇದು ಅವತ್ತು ಹೊಳೆಯಲಿಲ್ಲ ನೋಡಿ. ಇರಲಿಕ್ಕೆ ಮನೆ ಕೊಂಡವಳು ಮಾರಲಿಕ್ಕೆ ಕೊಂಡವಳ ಹಾಗೆ ವಿಚಾರ ಮಾಡಿದೆ.

ಎಷ್ಟು ಒಂಟಿತನವೆಂದರೆ, ಲಿಫ್ಟಿನ ಸಪ್ಪಳವಾದರೆ ಎದ್ದು ಬಾಗಿಲಿನ ಕಿಂಡಿಯಲ್ಲಿ ನೋಡುತ್ತೇನೆ. ಯಾರೂ ಇರುವುದಿಲ್ಲ, ಇದ್ದರೆ ಮೀಟರ್ ನೋಡುವವನು ಇರುತ್ತಾನೆ. ಒಂದು ಸಲ ಅಡಿಗೆಮನೆಯಲ್ಲಿ ಕಾಲು ಜಾರಿ ಬಿದ್ದು, ಏಳಲಾರದೆ, ಹಾಲಿನವಳು ಬರುವ ತನಕ ಫರ್ಸಿಯ ಮೇಲೆ ಮಲಗಿದ್ದೆ. ಆಗ ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಗೊತ್ತೇ? ಈರಣ್ಣ ಸಾಹುಕಾರರ ಮೇಲೆ. ಹೀಗಿರುತ್ತದೆ ಮನಸ್ಸು.

ಈ ವರ್ಷ ಬೇಸಿಗೆಯ ಮೊದಲಿಗೆ ತಾಳಿಕೋಟೆಯ ವ್ಯಾಪಾರಿ ಎದುರಿನ ಫ್ಲ್ಯಾಟ್ ಮಾರಲು ಹೊರಟರು. ಮಗಳ ಮದುವೆಯಂತೆ, ಬಂದಷ್ಟಕ್ಕೆ ಕೊಡುತ್ತಾರಂತೆ. ಸುದ್ದಿ ನನಗಿಂತ ಮೊದಲು ಸಿಂದಗಿಗೆ ಮುಟ್ಟಿತ್ತು. ಜೈತುನ್ ಫೋನ್ ಮಾಡಿದಳು. ಅವಳ ದನಿಯಲ್ಲಿ ಅಷ್ಟು ಹುರುಪು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

"ಸುಧಾ, ಅದೇ ಫ್ಲ್ಯಾಟ್! ಅದೇ! ತಮ್ಮಗ ಹೇಳೇನಿ, ಹೂಂ ಅಂದಾನ. ಲಿಫ್ಟ್ ಐತಲ್ಲ, ನನ್ನ ಮೊಣಕಾಲ ಏನ ಹೇಳಾಕಿಲ್ಲ. ಈ ಸರ್ತಿ ನೀ ಮೊದಲ ಹೋಗಿ ಒಂದ್ ಮಾತ ಹೇಳು. ಅವತ್ತೂ ಆ ಸಾಹುಕಾರ ನಿನ್ನ ಕೇಳಬೇಕಿತ್ತು ನೋಡು. ಕೇಳಿದ್ರ ನೀ ಹೂಂ ಅಂತಿದ್ದಿ, ನಾ ಯಾವತ್ತೋ ಬಂದಿರ್ತಿದ್ನಿ. ಅಂವಾ ಕೇಳಲೇ ಇಲ್ಲ!"

ನಾನು ಆಯ್ತು ಅಂದೆ.

ವ್ಯಾಪಾರಿಗೆ ಫೋನ್ ಮಾಡಿದೆ. ಅವರೂ ಅದೇ ಮಾತು — ಎದುರಿನವರು ನೀವು, ನಿಮ್ಮದು ಹೂಂ ಆದ್ರ ನನ್ನದೇನಿಲ್ಲ. ನಾನು ಹೂಂ ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಹೂಂ ಹೂಂ ಅಂದೆ. "ಅಕ್ಕೋರ, ಕೇಳ್ಸಿತ್ರಿ" ಅಂದು ಅವರು ನಕ್ಕರು. ಅಷ್ಟೇ. ಮುಗಿಯಿತು. ಇಷ್ಟೇ ಇತ್ತೇ ಇದು? ಇದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತೇ?

ಈಗ ಸುಮ್ಮನಿದ್ದರಾಗುತ್ತಿತ್ತು. ಅವಳು ಬರುತ್ತಿದ್ದಳು, ಬಾಗಿಲು ತೆರೆಯುತ್ತಿತ್ತು, ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಈರಣ್ಣ ಸಾಹುಕಾರರು ತೀರಿಕೊಂಡು ಕೆಲವು ವರ್ಷವಾಯಿತು, ಹೇಳಲು ಇನ್ನೊಬ್ಬರಿಲ್ಲ. ಮೂರು ದಿನ ನಾನು ಆ ಆಸೆಯಲ್ಲೇ ಓಡಾಡಿದೆ. ಎದುರಿನ ಬಾಗಿಲಿನ ಮುಂದಿನ ಧೂಳು ಗುಡಿಸಿದೆ. ಚಹಾದ ಕಪ್ಪು ಹೊಸದು ತಂದೆ. ಆದರೆ ಅವಳ ಆ ಮಾತು — ಕೇಳಿದ್ರ ನೀ ಹೂಂ ಅಂತಿದ್ದಿ. ಬಿಡಲಿಲ್ಲ ಅದು. ದಿನಾ ಮುಂಜಾನೆ ಅವಳು ನನ್ನ ಎದುರಿಗೆ ಕೂತು ಆ ನಂಬಿಕೆಯಿಂದ ಚಹಾ ಕುಡಿಯುವುದನ್ನು ನಾನು ನೋಡುತ್ತ ಕೂಡಬೇಕು. ಅದು ನನ್ನಿಂದಾಗುತ್ತಿರಲಿಲ್ಲ ಎಂದು ಹೇಳಿದರೆ ದೊಡ್ಡಸ್ತಿಕೆಯಾದೀತು. ಆಗುತ್ತಿತ್ತು. ಎಷ್ಟು ಸಲೀಸಾಗಿ ಆಗುತ್ತಿತ್ತೆಂಬುದು ಗೊತ್ತಾಗಿಯೇ ನನಗೆ ಹೆದರಿಕೆಯಾಯಿತು.

ಸಿಂದಗಿಗೆ ಹೋದೆ. ಅವಳು ಮಂಚದ ಮೇಲೆ ಕಾಲು ಚಾಚಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ನೋಡಿ, "ಅಯ್ಯ! ಫೋನರ ಮಾಡಬಾರದಾ, ಏನರ ಮಾಡಿಸ್ತಿದ್ನಿ" ಅಂದಳು. ನಾನು ಕೂಡುವ ಮೊದಲೇ ಹೇಳಿದೆ. ಕೂತರೆ ಹೇಳಲಿಕ್ಕಿಲ್ಲ ಎಂಬ ಹೆದರಿಕೆ. ಬಾಲ್ಕನಿ, ಪಾಲಿಶ್ ಮಷೀನು, ಸಾಹುಕಾರರು ಕೇಳಿದ್ದು, ನಾನು ಅಂದದ್ದು, ಬಾಗಿಲಲ್ಲಿ ನಿಂತು ಅವಳು ಕೇಳಿದಾಗ ಹೇಳಿದ ಸುಳ್ಳು, ಎಲ್ಲ. ಅಣ್ಣ ಹೇಳಿದ ಮಾತನ್ನು ಸೇರಿಸಲಿಲ್ಲ. ಅದು ಅಣ್ಣನ ತಪ್ಪಲ್ಲ.

ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ. ಎಲ್ಲ ಮುಗಿದ ಮೇಲೆ ಕೈ ಕೊಡವಿಕೊಂಡಳು. ನನಗೆ ಅವಳು ಬೈಯಬೇಕಿತ್ತು. ಬಸ್ಸಿನಲ್ಲಿ ಬೈಯುತ್ತಿದ್ದಳಲ್ಲ, ಹುಚ್ಚೀ ಅಂತ, ಹಾಗೆ ಬಾಯಿ ತುಂಬ ಬೈಯಬೇಕಿತ್ತು.

"ನಾ ಫ್ಲ್ಯಾಟ್ ನೋಡಿ ಬರಾಕತ್ತಿದ್ದಿಲ್ಲ, ಸುಧಾ" ಅಂದಳು. "ನಿನ್ನ ನೋಡಿ ಬರಾಕತ್ತಿದ್ನಿ."

ಆಮೇಲೆ ಮೆತ್ತಗೆ, ನನ್ನನ್ನಲ್ಲ, ಸೊಪ್ಪಿನ ಬುಟ್ಟಿಯನ್ನು ನೋಡುತ್ತ: "ಈಗ ನಾ ಯಾರ ಎದುರಿಗಿ ಬರ್ಲಿ?"

ನಾನು ಕ್ಷಮಿಸು ಅಂದೆ. ಅವಳು ತಲೆಯಾಡಿಸಿದಳು — ಹೌದೆಂದೋ, ಸಾಕು ನಿಲ್ಲಿಸು ಎಂದೋ, ತಿಳಿಯಲಿಲ್ಲ. ಕೆಳಗಿನಿಂದ ತಮ್ಮನ ಹೆಂಡತಿ ಚಹಾ ತಂದುಕೊಟ್ಟಳು. ಇಬ್ಬರೂ ಕುಡಿದೆವು. ಮಳೆ-ಬೆಳೆ, ಸಿಂದಗಿಯ ರಸ್ತೆ, ಅವಳ ಮೊಣಕಾಲಿನ ಔಷಧಿ, ಇಂಥವನ್ನೇ ಮಾತಾಡಿದೆವು. ರೈಲಿನಲ್ಲಿ ಪಕ್ಕಕ್ಕೆ ಸಿಕ್ಕವರು ಮಾತಾಡುವಂತೆ. ನಾನು ಎದ್ದಾಗ ಅವಳು ಏಳಲಿಲ್ಲ. ಮೊಣಕಾಲಿನ ನೋವಿತ್ತು, ನಿಜ. ಮೆಟ್ಟಿಲಿಳಿಯುವಾಗ ನಾನು ಅದನ್ನೇ ಹಿಡಿದುಕೊಂಡು ಇಳಿದೆ. ಅವಳಿಗೆ ಮೊಣಕಾಲು ನೋವು, ಅದಕ್ಕೇ ಏಳಲಿಲ್ಲ...

ಆಮೇಲೆ ಅವಳು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಕೈ ಹೋಗುತ್ತದೆ, ಹೆಸರು ಬರುತ್ತದೆ, ಬಿಡುತ್ತೇನೆ. ನನಗೆ ಹಗುರಾಗಲೆಂದು ಅವಳಿಗೆ ಇನ್ನೊಮ್ಮೆ ತೊಂದರೆ ಕೊಡುವುದು ಬೇಡ. ಹೇಳಿದ ಮೇಲೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರಲ್ಲ, ಸುಳ್ಳು. ಮೊದಲು ಅವಳಿಲ್ಲದ ಎದುರು ಮನೆಯಿತ್ತು. ಈಗ ಸಂಜೆ ಫೋನಿನಲ್ಲಿ ಸಿಗುತ್ತಿದ್ದ ದನಿಯೂ ಇಲ್ಲ. ಆದರೂ ಹೇಳಿದ್ದು ತಪ್ಪೆಂದು ನನಗೆ ಅನ್ನಿಸಿಲ್ಲ. ಗೊತ್ತಿದ್ದೇ ಅವಳು ಬರಬೇಕಿತ್ತು, ಇಲ್ಲವೆ ಗೊತ್ತಿದ್ದೇ ಬೇಡವೆನ್ನಬೇಕಿತ್ತು. ಅವತ್ತು ಅವಳ ಪರವಾಗಿ ನಾನು ತೀರ್ಮಾನ ಮಾಡಿಬಿಟ್ಟೆ. ಈ ಸಲ ಅವಳೇ ಮಾಡಿದಳು.

ಹದಿನೈದು ದಿನದ ನಂತರ ತಾಳಿಕೋಟೆಯ ವ್ಯಾಪಾರಿಯ ಫೋನ್ ಬಂತು.

"ಅಕ್ಕೋರ, ನಿಮ್ಮ ಗೆಳತಿಯವರು ಬ್ಯಾಡಂತ ಹೇಳಿ ಕಳಸ್ಯಾರ. ಯಾಕ್ರಿ? ಅಷ್ಟ ಹುರುಪಿನ್ಯಾಗ ಇದ್ರು. ರೇಟ್ ಹೆಚ್ಚಾತೇನು?"

"ರೇಟಿಂದಲ್ರಿ."

"ಮತ್ತ? ನೀರಿಂದೇನರ ಕೇಳಿದ್ರೇನು?"

"ಇಲ್ರಿ" ಅಂದೆ. "ಎದುರಿಗೆ ಎಂಥಾಕಿ ಅದಾಳ ಅನ್ನೂದು ಆಕಿಗೆ ಗೊತ್ತಾತ್ರಿ."

ಅವರಿಗೆ ಅರ್ಥವಾಗಲಿಲ್ಲ. ನಾನು ಚೇಷ್ಟೆ ಮಾಡುತ್ತೇನೆಂದು ತಿಳಿದು ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು, ಇನ್ನೂ ಎರಡು ಗಿರಾಕಿ ಅದಾವ್ರಿ, ಒಬ್ಬರು ಇಂಡಿ ಕಡೆಯವರು, ಇನ್ನೊಬ್ಬರು ನಿಮ್ಮೂರವರೇ, ತೋರಿಸಲೇನ್ರಿ, ನೀವು ಒಂದ್ ಮಾತ ಹೂಂ ಅಂದ್ರ — ಅಂದರು.

"ತೋರಸ್ರಿ. ಯಾರಿಗೆ ಬೇಕಾದ್ರೂ ಕೊಡ್ರಿ" ಅಂದೆ. "ನನ್ನ ಕೇಳಬ್ಯಾಡ್ರಿ."